ಮೇಷ್ಟ್ರ ಮಗನ ಕುರಿಮಂದೆ

ವೈ.ಎನ್.ಹೊಸಕೋಟೆಯ ಹೊರಗಿನ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಡಲಗಿರಿಯಪ್ಪ ಮಂದೆಯ ನಡುವೆ ಕುಕ್ಕರಗಾಲಲ್ಲಿ ಕೂತು, ಆಗಷ್ಟೇ ಈದ ಕುರಿಯ ಮೊಲೆಗೆ ಮರಿಯ ಬಾಯಿ ಹಿಡಿಯುತ್ತಿದ್ದಾರೆ. ಮರಿ ಚೀಪತೊಡಗಿದ ಮೇಲೆ ಎದ್ದು ಕಂಬಳಿ ಕೊಡವಿ ಹೆಗಲಿಗೇರಿಸುತ್ತಾರೆ. ಎಂಟು ವರ್ಷದ ಹಿಂದೆ, ೧೯೭೬ರಲ್ಲಿ, ಇದೇ ಮನುಷ್ಯ ಪುಡಿಗಾಸಿನಲ್ಲಿ ಅಮೃತಸರದಿಂದ ಇಸ್ತಾಂಬುಲ್‌ವರೆಗೆ ಏಷ್ಯಾ ಖಂಡ ದಾಟಿ ಪುಸ್ತಕ ಬರೆದರೆಂದರೆ ಅಕ್ಕಪಕ್ಕದ ಹೊಲದವರೇ ನಗುತ್ತಾರೆ. ಇವರಿಗೂ ಹೇಳಿಕೊಳ್ಳುವ ಚಪಲವಿಲ್ಲ.

ಮಂದೆಯಲ್ಲಿ ಎಂಬತ್ತು ಕುರಿಗಳಿವೆ. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಂದೆ ತಂಗಿದರೆ ಗೊಬ್ಬರ ಹೊಲದವರಿಗೆ, ರಾಗಿ ಇವರಿಗೆ. ಬಿಟ್ಟಿ ಉಂಡ ಮನೆತನವಲ್ಲ. ಮೂಡಲಗಿರಿಯಪ್ಪನವರಿಗೆ ಬಿ.ಎ. ಓದಿಸಿದ್ದೂ ಈ ಕುರಿಗಳೇ. ಓದು ಮುಗಿಯಿತು, ಕೆಲಸ ಸಿಗಲಿಲ್ಲ, ತಿರುಗಾಟದ ಹುಚ್ಚು ಹತ್ತಿತು. ಅಪ್ಪ ಬೋರಪ್ಪ ಹೊದೆಯಲು ತಮ್ಮ ಕಂಬಳಿಯನ್ನೇ ಕೊಟ್ಟು ಕಳಿಸಿದರು.

ಕಾಬೂಲಿನ ಅಗ್ಗದ ವಸತಿಯಲ್ಲಿ ಜೊತೆಗಿದ್ದ ಪರದೇಶದ ಹುಡುಗರು ನಿಮ್ಮಪ್ಪ ಏನು ಮಾಡುತ್ತಾರೆಂದು ಕೇಳಿದಾಗ, ಇವರ ಬಾಯಿಂದ ಬಂದದ್ದು "ಮೇಷ್ಟ್ರು". ಟರ್ಕಿಯ ಗುಡ್ಡದಲ್ಲಿ ಒಬ್ಬ ಮುದುಕನ ಕುರಿ ಈಯಲಾರದೆ ಒದ್ದಾಡುತ್ತಿತ್ತು. ಹಸಿದು ಬಂದಿದ್ದ ಇವರು ಸರಾಗವಾಗಿ ಮರಿ ಎಳೆದುಕೊಟ್ಟರು. ಮುದುಕ ರೊಟ್ಟಿ ಮೊಸರು ಕೊಟ್ಟು, ನಿಮ್ಮಪ್ಪನೂ ಕುರಿ ಕಾಯುವವನಾ ಎಂದು ಕೈಸನ್ನೆಯಲ್ಲಿ ಕೇಳಿದ.

"ಇಲ್ಲ ಅಂತ ತಲೆ ಅಲ್ಲಾಡಿಸ್ಬುಟ್ಟೆ. ಅವ್ನು ಕೊಟ್ಟ ರೊಟ್ಟಿ ಇನ್ನೂ ಬಾಯಾಗೇ ಇತ್ತು," ಎನ್ನುವಾಗ ಮೂಡಲಗಿರಿಯಪ್ಪ ತಲೆ ಎತ್ತುವುದಿಲ್ಲ.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮಧುಗಿರಿಯಲ್ಲಿ ಅಚ್ಚಾದ ಪುಸ್ತಕದ ಮೊದಲ ಪುಟದಲ್ಲೂ ಅಪ್ಪ ಮೇಷ್ಟ್ರೇ. ಓದು ಬಾರದ ಬೋರಪ್ಪ ಅದನ್ನು ಕಂಬಳಿಯ ಮಡಿಕೆಯಲ್ಲಿಟ್ಟುಕೊಂಡು ಹೊಲದಿಂದ ಹೊಲಕ್ಕೆ ಹೊತ್ತರು. ಕೊಡಿಗೇನಹಳ್ಳಿಯಲ್ಲಿ ಮಂದೆ ತಂಗಿದ್ದಾಗ, ಇದ್ರಾಗೆ ನಾನೆಲ್ಲಿ ಬತ್ತೀನಿ ಓದಿ ಸ್ವಾಮಿ ಎಂದು ಹೊಲದೊಡೆಯ ಜಯರಾಮಯ್ಯನವರ ಕೈಗಿಟ್ಟರು. ಜಯರಾಮಯ್ಯ ಅಪ್ಪ ಮೇಷ್ಟ್ರೆಂಬ ಸಾಲನ್ನು ಗಟ್ಟಿಯಾಗಿ ಓದಿ, ಬೋರಪ್ಪನವರ ಮುಖ ನೋಡಿದರು. ಪಕ್ಕದಲ್ಲೇ ನಿಂತಿದ್ದ ಮಗನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬೋರಪ್ಪ ಮಾತ್ರ ನಕ್ಕರಂತೆ.

"ದಿಟಾನೇ ಬರ್ದವ್ನೆ ಬುಡಿ ಸ್ವಾಮಿ. ನಡ್ಯೋದು, ಬಯಲಾಗೆ ಮಲಗೋದು, ಸಿಕ್ಕಿದ್ದ ತಿನ್ನೋದು, ಎಲ್ಲಾ ನಾನೇ ತಾನೆ ಕಲ್ಸಿದ್ದು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಮೂಡಲಗಿರಿಯಪ್ಪ. ಅಪ್ಪನ ಮಂಡಿ ಸೋತಾಗ ಮಂದೆ ಕಾಯುವ ಕೋಲು ತಾವೇ ಹಿಡಿದರು. ಅದನ್ನು ಪ್ರಾಯಶ್ಚಿತ್ತ ಎಂದರೆ ರೇಗುತ್ತಾರೆ: "ಕಸುಬಿಗೆ ಅಂಗನ್ನಬ್ಯಾಡಿ. ನಾಚ್ಕೆ ಆಗೋದು ಆ ಪುಟಕ್ಕೆ."

ಬಿಸಿಲೇರುವ ಹೊತ್ತಿಗೆ ಬೋರಪ್ಪ ಬುತ್ತಿ ಹಿಡಿದು ನಿಧಾನಕ್ಕೆ ಬರುತ್ತಾರೆ, ಹೊಸ ಮರಿಯನ್ನು ಎತ್ತಿ ಬೆನ್ನು ಸವರುತ್ತಾರೆ. ಪತ್ರಿಕೆಯವರಾದ ನಾವು ಬಂದಿರುವುದು ಪುಸ್ತಕದ ಸಲುವಾಗಿಯೇ ಎಂಬ ಹೆಮ್ಮೆ ಅವರಿಗೆ. ಮಗ ದನಿ ತಗ್ಗಿಸುತ್ತಾರೆ.

"ನನ್ನ ತಿರುಗಾಟ ಬರೀದಿದ್ರೂ ಪರ್ವಾಗಿಲ್ಲ. ಇವನಪ್ಪ ಕುರಿ ಕಾಯೋನು ಅಂತ ಒಂದ್ ಸಾಲು ಹಾಕಿ. ಪೇಪರ್ ಬಂದ್ ದಿನ ನಾನೇ ಅಪ್ಪನ ಮುಂದೆ ಕೂತು ಓದ್ತೀನಿ."