ನಾಲ್ಕು ಬೆರಳಗಲದ ಟೇಪು

ಭಾನುವಾರದ ಪತ್ರಿಕೆಯ ಆರನೇ ಪುಟವನ್ನು ಅವಳು ಮೊದಲು ನಿಂತುಕೊಂಡೇ ಓದಿದಳು. ಆಮೇಲೆ ಕುರ್ಚಿ ಎಳೆದು ಕೂತು ಓದಿದಳು. ಮೂರನೇ ಸಲ ಓದುವ ಹೊತ್ತಿಗೆ ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿ, ಸುಟ್ಟ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು.

"ಅಕ್ಕಾ, ಹಾಲೂ ಉಕ್ತಿದೆ, ನೀನೂ ಉಕ್ತಿದ್ದೀಯ. ಮೊದಲು ಯಾವುದನ್ನ ಇಳಿಸ್ಲಿ?" ಎಂದು ಕೇಳಿದಳು ತಂಗಿ.

ಅವಳು ಪತ್ರಿಕೆಯನ್ನು ತಂಗಿಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಪುಟದ ತುಂಬ ಐದು ಮುಖಗಳು. ಒಂದು ಕಾಲದಲ್ಲಿ ಊರಿಗೆ ಊರೇ ಗುನುಗುತ್ತಿದ್ದ ಬ್ಯಾಂಡಿನ ಐವರು: ಹಾಡುಗಾರ, ಗಿಟಾರಿನವನು, ಕೀಬೋರ್ಡಿನವನು, ಬೇಸ್ ಗಿಟಾರಿನವನು, ಡ್ರಮ್ಮರ್. ಬ್ಯಾಂಡು ಒಡೆದು ಎಷ್ಟೋ ವರ್ಷಗಳಾದ ಮೇಲೆ, ಮುಂದಿನ ತಿಂಗಳು ಹೊಸ ಸಭಾಂಗಣದ ಉದ್ಘಾಟನೆಗೆ ಬ್ಯಾಂಡು ಮತ್ತೆ ಒಂದಾಗಿ ನುಡಿಸಲಿದೆ ಎಂಬುದು ಸುದ್ದಿ. ಅದೇ ನೆಪದಲ್ಲಿ ಪತ್ರಿಕೆಯ ವಿಮರ್ಶಕ ಐವರ ಪ್ರತಿಭೆಯನ್ನೂ ಒಬ್ಬರ ಪಕ್ಕ ಒಬ್ಬರನ್ನಿಟ್ಟು ತೂಗಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದ. ಹಾಡುಗಾರನಿಗೆ ಒಂಬತ್ತೂವರೆ. 'ರೈಲಿನ ಹಾಡಿನಲ್ಲಿ ನಿಲ್ದಾಣ ಎಂಬ ಮಾತನ್ನು ಥಟ್ಟನೆ ಕಡಿದುಬಿಡುವ ಆ ಕೊರಳಿಗೆ ಸಾಟಿ ಉಂಟೇ?' ಎಂದು ಬರೆದಿದ್ದ. ಗಿಟಾರಿಗೆ ಒಂಬತ್ತು, ಕೀಬೋರ್ಡಿಗೆ ಎಂಟು, ಬೇಸ್ ಗಿಟಾರಿಗೆ ಏಳು. ಡ್ರಮ್ಮರಿಗೆ ಮೂರು. 'ಅದೇ ಹಾಡಿನ ನಡುವೆ ಅವನು ಎಡವಿದ್ದನ್ನು ಕೇಳಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಈ ಸಲ ಡ್ರಮ್ಮಿಗೆ ಹೊಸಬನನ್ನು ಹುಡುಕುತ್ತಿದ್ದಾರೆಂಬುದು ನೆಮ್ಮದಿಯ ಸಂಗತಿ.'

"ಮೂರಂತೆ! ಇವನ ಕಿವಿಗೆ ಮೂರು ಕೊಡೋದೂ ದಂಡ," ಎಂದಳು ಅವಳು.

"ನೀನು ಯಾಕೆ ಮೈ ಪರಚ್ಕೋತೀಯ? ಡ್ರಮ್ಮರ್ ಏನು ನಿನ್ನ ಮೈದುನನಾ?"

ಅವಳು ಬಟ್ಟೆ ತಂದು ಒಲೆ ಒರೆಸತೊಡಗಿದಳು. ಒರೆಸಿದ ರಭಸಕ್ಕೆ ಒಲೆ ಕಟ್ಟೆಯ ಮೇಲೆ ಒಂದು ಗೇಣು ಸರಿಯಿತು.

ಅವಳಿಗೀಗ ಅರವತ್ಮೂರು. ಇಪ್ಪತ್ತೈದರ ವಯಸ್ಸಿನಲ್ಲಿ, ಆ ಐವರು ಹಾಡು ಮುದ್ರಿಸುತ್ತಿದ್ದ ಸ್ಟುಡಿಯೋದಲ್ಲಿ ಅವಳದು ಟೇಪು ಕತ್ತರಿಸಿ ಅಂಟಿಸುವ ಕೆಲಸ. ಕತ್ತರಿಸುತ್ತಿದ್ದುದು ಬ್ಲೇಡಿನಲ್ಲಿ, ಆದರೂ ಎಲ್ಲರೂ ಕರೆಯುತ್ತಿದ್ದುದು 'ಕತ್ತರಿ' ಎಂದೇ. ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆ ಎರಡು ದೊಡ್ಡ ಚಕ್ರಗಳ ಯಂತ್ರ, ಪಕ್ಕದಲ್ಲಿ ಹಳದಿ ಪೆನ್ಸಿಲು. ಒಂದೇ ಹಾಡನ್ನು ಐವರು ಐದಾರು ಸಲ ನುಡಿಸುತ್ತಿದ್ದರು. ಮೂರನೇ ಸಲದ ಪಲ್ಲವಿ ಚೆನ್ನಾಗಿ, ಐದನೇ ಸಲದ ಚರಣ ಚೆನ್ನಾಗಿ ಬಂದಿದ್ದರೆ, ಎರಡನ್ನೂ ಕತ್ತರಿಸಿ ಒಂದಕ್ಕೊಂದು ಅಂಟಿಸಬೇಕು. ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಪೆಟ್ಟು ಎಲ್ಲಿದೆಯೆಂದು ಕೇಳಿ, ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಗುರುತಿನ ಮೇಲೆ ಬ್ಲೇಡು ಆಡಿಸಬೇಕು. ಹಾಡು ಕೇಳುವವರಿಗೆ ಆ ಅಂಟು ಗೊತ್ತಾಗಬಾರದು.

ಯಾರು ಎಷ್ಟರವರು ಎಂಬುದು ಅವಳಿಗೆ ಅಲ್ಲಿಂದಲೇ ಗೊತ್ತು. ಹಾಡುಗಾರನ ಕೊರಳು ಚಿನ್ನ, ಉಸಿರು ಮೋಟು. ಒಂದು ಹಾಡಿಗೆ ಇಪ್ಪತ್ತು ತುಂಡು ಅಂಟಿಸಿದ್ದುಂಟು. ಗಿಟಾರಿನವನ ಬೆರಳು ಮಿಂಚು, ಆದರೆ ಬೆರಳಿಗಿಂತ ಮುಂಚೆ ಅವನೇ ಓಡುತ್ತಿದ್ದ. ಕೀಬೋರ್ಡಿನವನು ಬರೆದುಕೊಟ್ಟದ್ದನ್ನು ಚಾಚೂ ತಪ್ಪದೆ ನುಡಿಸುವವನು. ಶುರು ಮಾಡುವುದರಲ್ಲಿ ಮಾತ್ರ ಸದಾ ಒಂದು ಕೂದಲೆಳೆ ತಡ. ಬೇಸಿನವನು ಮಧ್ಯಾಹ್ನದ ಊಟದ ತನಕ ಬಹಳ ಒಳ್ಳೆಯ ವಾದಕ. ಡ್ರಮ್ಮರಿಗಾಗಿ ಅವಳು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬ್ಲೇಡು ಎತ್ತಲಿಲ್ಲ. ಬೆಳಿಗ್ಗೆ ನುಡಿಸಿದ್ದನ್ನೂ ಸಂಜೆ ನುಡಿಸಿದ್ದನ್ನೂ ಅಂಟಿಸಿದರೆ ಹೊಂದುತ್ತಿತ್ತು. ಅವನ ಪೆಟ್ಟು ಬಿದ್ದಲ್ಲಿಯೇ ಅವಳು ಗುರುತು ಹಾಕುತ್ತಿದ್ದಳು. ಅವನಿಲ್ಲದಿದ್ದರೆ ಉಳಿದ ನಾಲ್ವರನ್ನು ಅಂಟಿಸುವುದೇ ಸಾಧ್ಯವಿರಲಿಲ್ಲ.

ರೈಲಿನ ಹಾಡಿನ ಎಡವೂ ಅವನದಲ್ಲ. ಅವಳದು.

ಅಂದು ಟೇಪಿನ ಮೇಲೆ ಎರಡು ಹಳದಿ ಗುರುತುಗಳಿದ್ದವು. ಮೊದಲು ಒಂದು ಕಡೆ ಹಾಕಿ, ಸರಿಯಿಲ್ಲವೆಂದು ಮತ್ತೊಂದು ಕಡೆ ಹಾಕಿದ್ದಳು. ಹಳೆಯದನ್ನು ಅಳಿಸಲು ಮರೆತು, ಅಳಿಸಬೇಕಾದ ಗುರುತಿನ ಮೇಲೆಯೇ ಬ್ಲೇಡು ಆಡಿಸಿದಳು. ನಾಲ್ಕು ಬೆರಳಗಲದ ಟೇಪು ಹೆಚ್ಚಾಗಿ ತುಂಡಾಗಿ ನೆಲಕ್ಕೆ ಬಿತ್ತು. ಕಾಲು ಸೆಕೆಂಡಿನಷ್ಟು ಹಾಡು. ಒಂದೇ ದಿನ ಆರು ಹಾಡು ಮುಗಿಸುವ ಅವಸರದಲ್ಲಿ ಮತ್ತೊಮ್ಮೆ ಕೇಳಲಿಲ್ಲ. ಕೇಳಿದ್ದು ಗ್ರಾಮಫೋನ್ ತಟ್ಟೆಗಳು ಅಚ್ಚಾಗಿ ಅಂಗಡಿ ಸೇರಿದ ಮೇಲೆ.

ಸ್ಟುಡಿಯೋ ಯಜಮಾನ ಅವಳ ಹಿಂದಿನವನನ್ನು ಇಂಥದೇ ಒಂದು ತಪ್ಪಿಗೆ ನಿಂತ ಕಾಲಲ್ಲಿ ಓಡಿಸಿದ್ದ. ಆ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಇದು ಯಾರ ಘನಕಾರ್ಯ?" ಎಂದು ಕೂಗಿದ. ಡ್ರಮ್ಮರ್ ತಲೆ ಕೆರೆದುಕೊಂಡು, "ನಂದೇ ಸಾರ್. ಕೈ ಜಾರಿರಬೇಕು," ಎಂದ. ಜಾರಿರಬಹುದೆಂದು ಪಾಪ ಅವನೇ ನಂಬಿದ್ದಾನೆ ಎಂದುಕೊಂಡಳು ಅವಳು. ಹಾಗೆಂದುಕೊಂಡು ಸುಮ್ಮನಾದಳು. ಹಾಡು ಮನೆಮನೆಗೂ ಹೋಯಿತು, ಎಡವೂ ಜೊತೆಗೆ ಹೋಯಿತು. ಬಸ್ಸಿನಲ್ಲಿ, ಕ್ಷೌರದಂಗಡಿಯ ಮುಂದೆ, ಮದುವೆಮನೆಯಲ್ಲಿ ಯಾರಾದರೂ ಆ ಡ್ರಮ್ಮರನ್ನು ಆಡಿಕೊಂಡರೆ ಅವಳು ಅವರ ಜನ್ಮ ಜಾಲಾಡುತ್ತಿದ್ದಳು. ಮೂವತ್ತೆಂಟು ವರ್ಷ ಎಲ್ಲರ ಮೇಲೂ ಹರಿಹಾಯ್ದಳು, ಹೇಳಬೇಕಾದ ಒಂದು ಮಾತನ್ನು ಬಿಟ್ಟು. ಕತ್ತರಿಸಿದ ಚೂರುಗಳ ಚೀಲದಿಂದ ಹುಡುಕಿ ತೆಗೆದಿದ್ದ ಆ ತುಂಡು ಗುಂಡಿಗಳ ಡಬ್ಬಿಯಲ್ಲಿ, ಪಿನ್ನು ದಾರಗಳ ಅಡಿಯಲ್ಲಿ ಹಾಗೇ ಇತ್ತು.

ಸೋಮವಾರ ರೇಡಿಯೋದಿಂದ ಫೋನು ಬಂತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನೇರ ಕಾರ್ಯಕ್ರಮ, ವಿಷಯ 'ಐವರಲ್ಲಿ ಯಾರು ಮೇಲು'. ಹಾಡುಗಾರ ಬರುತ್ತಾರೆ, ವಿಮರ್ಶಕರು ಬರುತ್ತಾರೆ, ಹಳೆಯ ಸ್ಟುಡಿಯೋದವರೆಂದು ನೀವೂ ಬಂದು ಎರಡು ಸವಿನೆನಪು ಹೇಳಬೇಕು ಎಂದಳು ನಿರೂಪಕಿ.

"ಬರ್ತೀನಿ," ಎಂದಳು ಅವಳು. "ಸವಿ ಅಂತ ಮಾತ್ರ ಮಾತು ಕೊಡಲ್ಲ."

ಬುಧವಾರ ಹೊರಡುವಾಗ ಡಬ್ಬಿಯಿಂದ ಆ ತುಂಡನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ತಂಗಿ ಬಾಗಿಲಲ್ಲಿ ನಿಂತು, "ಹೋಗೋದು ಹೋಗು, ಯಾರಿಗೂ ಕೈ ಮಾಡ್ಬೇಡ," ಎಂದಳು.

ರೇಡಿಯೋ ಕೋಣೆಯಲ್ಲಿ ದುಂಡು ಮೇಜು, ನಾಲ್ಕು ಮೈಕು. ಹಾಡುಗಾರ ಬಂದವಳನ್ನು ನೋಡಿ, "ಓಹೋ, ನಮ್ಮ ಕತ್ತರಿ! ಇನ್ನೂ ಹರಿತ ಇದೆಯಾ?" ಎಂದು ನಕ್ಕ. ವಿಮರ್ಶಕ ತನ್ನ ಅಂಕಪಟ್ಟಿಯನ್ನು ಒಂದೊಂದಾಗಿ ಸಮರ್ಥಿಸಿಕೊಂಡ. ಕೊನೆಗೆ ರೈಲಿನ ಹಾಡು ಹಾಕಿಸಿ, ಎಡವು ಬಂದ ಕೂಡಲೇ ನಿಲ್ಲಿಸಿ, "ಕೇಳಿದ್ರಲ್ಲ? ಇಂಥ ದೊಡ್ಡ ತಂಡದಲ್ಲಿ ಪಾಪ, ಒಬ್ಬರಾದರೂ ಹೀಗೆ ಇರ್ತಾರೆ," ಎಂದ. ಹಾಡುಗಾರ ಅಲ್ಲವೆನ್ನಲಿಲ್ಲ. ಮುಗುಳ್ನಕ್ಕ.

"ಇನ್ನೊಂದ್ಸಲ ಹಾಕಿ," ಎಂದಳು ಅವಳು. ಹಾಕಿದರು. "ಇನ್ನೊಂದ್ಸಲ. ಈಗ ಡ್ರಮ್ಮು ಬಿಟ್ಟು ಗಿಟಾರು ಮಾತ್ರ ಕೇಳಿ. ಸ್ವಾಮಿ ವಿಮರ್ಶಕರೇ, ಗಿಟಾರು ಏನಾಯ್ತು?"

"ಏನಾಯ್ತು ಅಂದ್ರೆ?"

"ಅದೂ ಎಡವಿತು. ಕೀಬೋರ್ಡೂ ಎಡವಿತು, ಬೇಸೂ ಎಡವಿತು. ಐದೂ ಒಂದೇ ಗಳಿಗೇಲಿ, ಒಂದೇ ಅಳತೇಲಿ. ಒಬ್ಬ ಎಡವಿದ್ರೆ ಉಳಿದ ನಾಲ್ಕು ಜನ ಮುಂದೆ ಹೋಗಿರ್ಬೇಕಲ್ಲ? ಯಾಕೆ ಹೋಗ್ಲಿಲ್ಲ? ಮೂವತ್ತೆಂಟು ವರ್ಷದಿಂದ ಇದೇ ಹಾಡು ಕೇಳಿ ಕೇಳಿ ಅಂಕ ಹಾಕ್ತಿದ್ದೀರಿ, ಇಷ್ಟು ಹೊಳೀಲಿಲ್ವಾ ನಿಮ್ಗೆ?"

ಅವಳು ಕೈಚೀಲದಿಂದ ಕಂದು ಬಣ್ಣದ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಆ ಜಾಗದಲ್ಲಿ ಇರ್ಬೇಕಾಗಿದ್ದ ಟೇಪು. ತಪ್ಪಿ ಕತ್ತರಿಸಿದ್ದು ನಾನು. ಬೈಸ್ಕೊಂಡಿದ್ದು ಅವನು." ಆಮೇಲೆ ಹಾಡುಗಾರನ ಕಡೆ ತಿರುಗಿದಳು. "ನಿಮ್ಮ 'ನಿಲ್ದಾಣ'ದ ಬಾಲ ಇದರಲ್ಲಿದೆ. ನೀವು ಪೂರ್ತಿ ಹಾಡಿದ್ರಿ, ನಾನು ಕಡಿದೆ. ಒಂದೇ ಬ್ಲೇಡು, ಒಂದೇ ಏಟು. ನಿಮಗೆ ಅದು ಶೈಲಿ ಆಯ್ತು, ಅವನಿಗೆ ಎಡವು ಆಯ್ತು. ನಿಮ್ಮ ಒಂಬತ್ತೂವರೇಲಿ ನನ್ನ ಪಾಲು ಎಷ್ಟು ಅಂತ ನೀವೇ ಹೇಳಿ."

ಹಾಡುಗಾರನ ಮುಖ ಕೆಂಪಾಯಿತು. "ಆ ಕಾಲದ ಮಾತು ಈಗ್ಯಾಕೆ ಅಕ್ಕ?"

"ಅವನ ಜಾಗಕ್ಕೆ ಈಗ ಹೊಸಬನನ್ನ ಹುಡುಕ್ತಿದ್ದೀರಲ್ಲ, ಅದಕ್ಕೆ."

ನಿರೂಪಕಿ ಅವಸರ ಅವಸರವಾಗಿ ಜಾಹೀರಾತಿಗೆ ಹೋದಳು.

ತುಂಡನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡು ಅವಳು ಅಲ್ಲಿಂದ ನೇರವಾಗಿ ಡ್ರಮ್ಮರಿನ ಕೆಲಸದ ಜಾಗಕ್ಕೆ ಹೋದಳು. ಬ್ಯಾಂಡು ಒಡೆದ ಮೇಲೆ ಅವನು ಅಂಗಡಿಗಳ ರೋಲಿಂಗ್ ಶಟರ್ ರಿಪೇರಿಗೆ ಇಳಿದಿದ್ದ. ಸಣ್ಣ ಶೆಡ್ಡು, ನೆಲದ ತುಂಬ ತಗಡಿನ ಪಟ್ಟಿಗಳು, ಗೂಡಿನಲ್ಲಿ ರೇಡಿಯೋ. ಗ್ರೀಸು ಹತ್ತಿದ ಕೈಯಲ್ಲೇ ಅವನು ಬಾಗಿಲಿಗೆ ಬಂದ. ಬಿಳಿ ಹುಬ್ಬು ಗಂಟಿಕ್ಕಿತ್ತು.

"ಯಾರನ್ನ ಕೇಳಿ ಹೇಳ್ದೆ?"

ಅವಳು ಎಣಿಸಿಕೊಂಡು ಬಂದದ್ದು ಇದಲ್ಲ. "ನಿನ್ನ ಮೇಲಿನ ಅಪವಾದ ಇಳಿಸ್ದೆ ಮಹರಾಯ. ಊರ ಮುಂದೆ ನನ್ನ ಮರ್ಯಾದೆ ನಾನೇ ತೆಗ್ದು ಬಂದೆ. ಜಾರಿದ್ದು ನಿನ್ನ ಕೈಯಲ್ಲ, ಗೊತ್ತಾಯ್ತಾ?"

"ಗೊತ್ತಾಗೋಕೆ ರೇಡಿಯೋ ಕೇಳ್ಬೇಕಿತ್ತಾ? ನಾನು ಬಾರಿಸಿದ್ದು ನನಗೆ ಗೊತ್ತಿರಲ್ವೇನೇ?"

ಅವಳು ನಿಂತಲ್ಲೇ ನಿಂತಳು. "ಅವತ್ತೇ ಗೊತ್ತಿತ್ತಾ?"

"ಅವತ್ತೇ. ಐದೂ ಒಟ್ಟಿಗೆ ಹಾರಿದ್ದು ಕೇಳಿದ ಕೂಡ್ಲೆ. ನೋಡಿದ್ರೆ ನಿನ್ನ ಮುಖ ಸುಣ್ಣ ಬಳಿದ ಗೋಡೆ ಥರ ಇತ್ತು. ಆ ಯಜಮಾನ ನಿನ್ನನ್ನ ಓಡಿಸ್ತಿದ್ದ, ನನ್ನನ್ನ ಓಡಿಸೋ ಧೈರ್ಯ ಅವನಿಗಿರ್ಲಿಲ್ಲ. ಹೇಳ್ಬಿಟ್ಟೆ."

ಆಗ ಬಂದ ಸಿಟ್ಟಿನ ಮುಂದೆ ಭಾನುವಾರದ ಸಿಟ್ಟು ಏನೂ ಅಲ್ಲ. "ದೊಡ್ಡ ಮನುಷ್ಯ! ನೀನು ಒಂದು ಮಾತು ಹೇಳಿದ್ರೆ ನಾನು ಅವತ್ತೇ ಒಪ್ಕೋತಿದ್ದೆ. ನಿನಗೆ ಗೊತ್ತಿಲ್ಲ ಅಂತ ನಾನು ದಿನಾ ಬೇಯ್ತಾ ಇರೋದು, ನೀನಿಲ್ಲಿ ಹಾಯಾಗಿ ತಗಡು ಬಡ್ಕೊಂಡಿರೋದು. ಯಾರು ಕೇಳಿದ್ರು ನಿನ್ನ ಉಪಕಾರ?"

"ಹಾಯಾಗಿ?" ಅವನೂ ದನಿ ಏರಿಸಿದ. "ಹಾಯಾಗಿ ಅಂತೀಯಾ? ತಟ್ಟೆಯಲ್ಲಿ ಇದ್ದಹಾಗೇ ಸ್ಟೇಜಿನ ಮೇಲೂ ಎಡವು ಬೇಕು ಅಂತ ಜನ ಕೂಗೋರು. ಅರ್ಧ ಪೆಟ್ಟು ನುಂಗಿ, ಮತ್ತೆ ನೆಟ್ಟಗೆ ನಿಲ್ಲೋದು ಅಂದ್ರೆ ಏನು ಅಂತ ಗೊತ್ತಾ ನಿನಗೆ? ಮೂರು ತಿಂಗಳು ಕೂತು ಕಲಿತೆ, ನಿನ್ನ ತಪ್ಪನ್ನ. ಆ ನಾಲ್ಕು ಜನರಿಗೂ ನಾನೇ ಕಲಿಸ್ದೆ. ಗಿಟಾರಿನವನಿಗೆ ಕೊನೇವರೆಗೂ ಬರ್ಲಿಲ್ಲ, ನಾನು ಕಣ್ಣು ಹೊಡೆದಾಗ ಹಾರ್ತಿದ್ದ. ಅಷ್ಟು ಕಷ್ಟಪಟ್ಟು ನಂದು ಮಾಡ್ಕೊಂಡಿದ್ದೆ. ಈಗ ನೀನು ಹೋಗಿ ರೇಡಿಯೋದಲ್ಲಿ ಅದು ನಂದಲ್ಲ, ನಿಂದು ಅಂತೀಯ!"

ಅವಳು ಒಂಬತ್ತು ವರ್ಷ ಅವನನ್ನು ಕೇಳಿದವಳು, ಆದರೆ ಕೇಳಿದ್ದು ಆ ಕಿಟಕಿಯಿಲ್ಲದ ಕೋಣೆಯಲ್ಲಿ. ಮುಖ ತಪ್ಪಿಸಿಕೊಳ್ಳಲು ಅವನ ಒಂದು ಸಂಗೀತ ಕಛೇರಿಗೂ ಹೋಗಿರಲಿಲ್ಲ.

"ಸಭಾಂಗಣದವರು ಏನಾದ್ರೂ ಅಂದ್ರಾ?" ಎಂದು ಕೊನೆಗೆ ಕೇಳಿದಳು.

"ಈಗಷ್ಟೇ ಫೋನ್ ಮಾಡಿದ್ರು. ನೀವೇ ಬರ್ಬೇಕು, ಈ ಸಲ ಎಡವಿಲ್ಲದೆ ಸರಿಯಾಗಿ ಬಾರಿಸ್ಬೇಕು ಅಂದ್ರು."

"ನೀನೇನಂದೆ?"

"ಎಡವು ಇದ್ರೆ ನಾನು, ಇಲ್ದಿದ್ರೆ ಹೊಸಬ ಅಂದೆ."

"ನಿನ್ನ ತಲೆ! ನಾನು ಅಷ್ಟೆಲ್ಲ ಮಾಡಿ..."

"ಒಪ್ಕೊಂಡ್ರು ಕಣೇ, ಕಿರುಚ್ಬೇಡ. ಗಿಟಾರಿನವನಿಗೆ ಒಂದು ವಾರ ಮುಂಚೆ ಬಾ ಅಂದಿದ್ದಾರಂತೆ, ಕಲಿಯೋಕೆ."

ಅವಳು ಕೈಚೀಲದಿಂದ ಟೇಪಿನ ತುಂಡನ್ನು ತೆಗೆದು ಚಾಚಿದಳು. ಅವನು ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಸರಿಸಿದ. "ನನಗ್ಯಾಕೆ ಅದು? ಅದಿಲ್ಲದೇನೇ ಬಾರಿಸೋದನ್ನ ಕಲ್ತಿದ್ದೀನಿ. ಕೂತ್ಕೋ. ಆ ಎಡವು ನಿಂದೇ ಅಂತೀಯಲ್ಲ, ಎಲ್ಲಿ, ಚಪ್ಪಾಳೆ ಹಾಕು ನೋಡೋಣ."

ಒಂದು ಶಟರ್ ಪಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡು, ಎರಡು ಸ್ಪ್ಯಾನರುಗಳಿಂದ ಅವನು ರೈಲಿನ ಹಾಡನ್ನು ಶುರು ಮಾಡಿದ. ಅವಳು ಮಗುಚಿಟ್ಟ ಡಬ್ಬದ ಮೇಲೆ ಕೂತು ಚಪ್ಪಾಳೆ ಹಾಕಿದಳು. ಎಡವಿನ ಜಾಗ ಬಂತು. ಅವನು ನುಂಗಿ ದಾಟಿದ. ಅವಳ ಚಪ್ಪಾಳೆ ಮಾತ್ರ ಒಂಟಿಯಾಗಿ ಗಾಳಿಯಲ್ಲಿ ಬಿತ್ತು.

"ತಪ್ಪು," ಎಂದ.

ಎರಡನೇ ಸಲವೂ ತಪ್ಪಿತು. ಮೂರನೇ ಸಲ ಅವಳು ಮುಂಚೆಯೇ ಹಾರಿದಳು.

"ಗಿಟಾರಿನವನೇ ವಾಸಿ," ಎಂದ ಅವನು. "ಹತ್ತಕ್ಕೆ ಎರಡು ಕೊಡ್ಬಹುದು ನಿನಗೆ."

"ಬಾಯಿ ಮುಚ್ಚಿ ಬಾರಿಸು," ಎಂದು ಗದರಿದಳು ಅವಳು, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು. "ಮೊದಲಿಂದ."