ಇಳಿಜಾರಿಗೆ ಅಂಜಿದ ಅಕ್ಕೋರು

ಅಕ್ಕೋರ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಎಣ್ಣೆ ಎಳೆದ ಕಪ್ಪು ಗೆರೆಯೊಂದು ಸದಾ ಇರುತ್ತಿತ್ತು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವರು ಬರೋಡಾದ ಫತೇಗಂಜಿನ ರಸ್ತೆಗಿಳಿದರೆ ಲಾರಿಯವರೂ ದಾರಿ ಬಿಡುತ್ತಿದ್ದರು.

ಧಾರವಾಡದ ಕಡೆಯವರು, ಬರೋಡಾದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಅಪ್ಪನಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾದಾಗ ನಾವು ಅವರ ಪಕ್ಕದ ಮನೆಗೆ ಬಂದೆವು. ನನಗೆ ಸೈಕಲ್ ಕಲಿಸಿದವರು ಅವರೇ. "ಗಾಲಿ ನೋಡಬ್ಯಾಡ, ದೂರ ನೋಡು" ಎಂದು ಹಿಂದಿನಿಂದ ಕೂಗುತ್ತಿದ್ದರು. ಅಂಗೈಯಷ್ಟು ಸಪಾಟಾದ ಆ ಊರಿನಲ್ಲಿ ಬ್ರೇಕು ಹಿಡಿಯುವ ಪ್ರಸಂಗವೇ ಕಡಿಮೆ.

ನನಗೆ ಹತ್ತೊಂಬತ್ತಾದ ವರ್ಷ ಅವರ ಶಾಲೆಯ ಶಿಕ್ಷಕಿಯರು ಅಬು ಬೆಟ್ಟಕ್ಕೆ ಹೊರಟರು. ಅಕ್ಕೋರು ನನ್ನನ್ನೂ ಕರೆದೊಯ್ದರು. ಸೈಕಲ್‌ಗಳನ್ನು ಬಸ್ಸಿನ ಮೇಲೆ ಹೇರಿ ಬೆಟ್ಟದ ಮೇಲಿನ ಊರು ಸೇರುವುದು, ಎರಡು ದಿನ ಅಲ್ಲಿ ಸುತ್ತಾಡಿ ಸೈಕಲ್ ಮೇಲೇ ಇಳಿದು ರೈಲು ಹಿಡಿಯುವುದು ಎಂದಾಗಿತ್ತು.

ಊರೊಳಗಿನ ಮೊದಲ ಏರಿಗೇ ನಮ್ಮ ಉಸಿರು ನಿಂತಂತಾಯಿತು. ಏರಿದ ಮೇಲಿನ ಇಳಿಜಾರಿನಲ್ಲಿ ಅಕ್ಕೋರು ಸೈಕಲ್ಲಿನಿಂದ ಇಳಿದು ಅದನ್ನು ತಳ್ಳಿಕೊಂಡು ನಡೆಯುವುದನ್ನು ಕಂಡೆ. ಅವರು ಯಾವುದಕ್ಕಾದರೂ ಹೆದರುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೆಳಗಿಳಿಯುವ ಬೆಳಿಗ್ಗೆ ಘಾಟಿಯ ಬಾಯಲ್ಲೇ ಅವರು ಸೈಕಲ್ ನಿಲ್ಲಿಸಿದರು.

"ನಾ ಹತ್ತಂಗಿಲ್ಲವಾ. ಅಂಜಿಕಿ ಬರತೈತಿ. ನಡಕೋತ ಹೋಗೂಣು, ನೀನೂ ಇಳಿ."

ಉಳಿದವರು ನಗುತ್ತ ಮುಂದೆ ಹೋದರು. ನನಗೆ ನಾಚಿಕೆಯಾಯಿತು. "ನೀವು ಬರ್ರಿ ನಿಧಾನಕ್ಕ" ಎಂದು ಅವರನ್ನು ಬಿಟ್ಟು ಹೊರಟೆ.

ಎರಡು ತಿರುವು ದಾಟುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು. ಬ್ರೇಕು ಒತ್ತಿದರೂ ಸೈಕಲ್ ನಿಲ್ಲಲಿಲ್ಲ. ಎಡಕ್ಕೆ ಮೊಳಕಾಲೆತ್ತರದ ಕಟ್ಟೆ, ಅದರಾಚೆ ಬರೀ ಗಾಳಿ. ಗಂಟಲು ಹರಿಯುವಂತೆ "ಅಕ್ಕೋರ" ಎಂದು ಕಿರುಚಿದ್ದು ನೆನಪಿದೆ. ಬಲಕ್ಕೆ ತಿರುಗಿಸಿ ಬೆಟ್ಟದ ಗೋಡೆಗೆ ಬಡಿದು ಚರಂಡಿಗೆ ಬಿದ್ದೆ. ಮೊಳಕಾಲಿನ ಕೆಳಗೆ ಮೂಳೆ ಮುರಿದಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಆಗ ಮೇಲಿನ ತಿರುವಿನಲ್ಲಿ ಅಕ್ಕೋರು ಕಾಣಿಸಿದರು, ಸೈಕಲ್ ಮೇಲೆ. ಎರಡೂ ಪಾದಗಳನ್ನು ನೆಲಕ್ಕೆ ಉಜ್ಜುತ್ತ, ಬಿಳಿಚಿದ ಮುಖದಲ್ಲಿ ಬಾಯಿ ತೆರೆದುಕೊಂಡೇ ಬಂದರು. ಚಪ್ಪಲಿ ಕಿತ್ತುಹೋಗಿ ಹೆಬ್ಬೆರಳಿನಿಂದ ರಕ್ತ ಸುರಿಯುತ್ತಿತ್ತು.

"ಹೆಂಗ ಬಂದ್ರಿ?" ಎಂದೆ, ಅಳುತ್ತ.

"ನಡಕೋತ ಬಂದ್ರ ತಡ ಆಗತಿತ್ತು."

ಸೆರಗು ಹರಿದು ನನ್ನ ಕಾಲು ಕಟ್ಟಿದರು. ಲಾರಿಯೊಂದು ಬರುವವರೆಗೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಮಾತು ಮೀರಿ ಹೋದದ್ದನ್ನು ಅವರು ಅಪ್ಪನಿಗೆ ಹೇಳಲೇ ಇಲ್ಲ.

ಐದಾರು ವರ್ಷಗಳ ನಂತರ ಅಹಮದಾಬಾದಿನಲ್ಲಿ ಅವರ ಹೃದಯದ ಆಪರೇಷನ್. ನಾನಾಗ ಅಲ್ಲೇ ನೌಕರಿಯಲ್ಲಿದ್ದೆ. ಒಳಗೆ ಒಯ್ಯುವ ಮುಂಚೆ ಎಲ್ಲರೂ "ಏನೂ ಆಗೋದಿಲ್ಲ" ಎನ್ನುತ್ತಿದ್ದರು. ಅಕ್ಕೋರು ನನ್ನನ್ನು ಮಾತ್ರ ಹತ್ತಿರ ಕರೆದರು.

"ಭಾಳ ಅಂಜಿಕಿ ಆಗಾಕತ್ತೈತಿ. ಬಾಗಲತನಕಾ ಬಾ."

"ನನಗೂ ಅಂಜಿಕಿ ಆಗೈತ್ರಿ" ಎಂದೆ. ಅವರು ಸಣ್ಣಗೆ ನಕ್ಕು ತಲೆಯಾಡಿಸಿದರು. ಬಾಗಿಲವರೆಗೂ ಕೈ ಹಿಡಿದು ನಡೆದೆ. ನರ್ಸು ಬಂದು ಬಿಡಿಸುವವರೆಗೆ ನಾವಿಬ್ಬರೂ ಬಿಡಲಿಲ್ಲ.

ಅಕ್ಕೋರು ಮತ್ತೆ ಕಣ್ಣು ತೆರೆಯಲಿಲ್ಲ.