ವಿದೇಶದಲ್ಲಿ ತರಬೇತಿ ಪಡೆದ ಡಾಕ್ಟ್ರಮ್ಮ

ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ನಾನು ಸೇರಿದ ಮೊದಲ ವಾರವೇ ಅಲ್ಲಿನ ಪ್ರಚಾರದ ಮ್ಯಾನೇಜರು ಬಂದು, ನಿಮ್ಮ ವೃತ್ತಿಯ ವಿವರ ಬರೆದುಕೊಡಿ ಎಂದರು. ಎಂ.ಬಿ.ಬಿ.ಎಸ್., ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ., ಗುಬ್ಬಿ ತಾಲ್ಲೂಕಿನಲ್ಲಿ ಸರ್ಕಾರಿ ನೌಕರಿ, ಆಮೇಲೆ ಕುಣಿಗಲ್‌ನಲ್ಲಿ ಸ್ವಂತ ಕ್ಲಿನಿಕ್ ಎಂದು ನಾಲ್ಕು ಸಾಲು ಬರೆದುಕೊಟ್ಟೆ. ಅವರು ಕಾಗದ ತಿರುಗಿಸಿ ಹಿಂಬದಿಯಲ್ಲೇನಾದರೂ ಇದೆಯೇ ಎಂದು ನೋಡಿದರು.

"ಹಾರ್ಟು, ಕಿಡ್ನಿ, ಬ್ರೈನು, ಯಾವ್ದಾದ್ರೂ ಒಂದು ಪಾರ್ಟ್ ಹೇಳಿ ಮೇಡಂ. ಪಾರ್ಟ್ ಹೇಳಿದ್ರೇನೇ ಜನಕ್ಕೆ ಅರ್ಥ ಆಗೋದು."

ಫಿಸಿಷಿಯನ್ ಎಂದರೆ ಇಡೀ ಮನುಷ್ಯನನ್ನು ನೋಡುವವಳು ಎಂದೆ. ಹಾಗಾದರೆ ಫ್ಲೆಕ್ಸಿಗೆ ಯಾವ ಚಿತ್ರ ಹಾಕುವುದು ಎಂದು ಅವರು ನಿಜವಾಗಿಯೂ ಚಿಂತೆಗೆ ಬಿದ್ದರು.

ಇಂಥ ಮಾತು ನನಗೆ ಹೊಸದಲ್ಲ. ಗುಬ್ಬಿ ತಾಲ್ಲೂಕಿಗೆ ಹೆಂಗಸು ಡಾಕ್ಟರು ಬಂದಿದ್ದಾರಂತೆ ಎಂದು ಚೇಳೂರು, ಸಿ.ಎಸ್. ಪುರದ ಕಡೆಯ ಬಸುರಿಯರೆಲ್ಲ ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ನೋಡುವುದು ಜ್ವರ, ಶುಗರ್, ಬಿ.ಪಿ. ಎಂದಾಗ ಒಬ್ಬ ಅಜ್ಜಿ, "ಹೆರಿಗೇನೂ ಮಾಡ್ಸಲ್ವಂತೆ, ಇನ್ನೇನ್ ಡಾಕ್ಟ್ರು ಇವ್ಳು, ಏಳು" ಎಂದು ಸೊಸೆಯನ್ನು ಎಬ್ಬಿಸಿಕೊಂಡು ಹೋದಳು. ಕೇಳಿದವರಿಗೆಲ್ಲ ಡ್ರಿಪ್ ಹಾಕುತ್ತಿರಲಿಲ್ಲವಾದ್ದರಿಂದ, ಬರೀ ಮಾತಾಡಿ ಕಳಿಸುವ ಡಾಕ್ಟ್ರಮ್ಮ ಎಂಬ ಹೆಸರೂ ಬಂತು. ಮದುವೆ ಮನೆಗಳಲ್ಲಿ ನೆಂಟರು, ಬರೀ ಜನರಲ್ ಡಾಕ್ಟರಾ, ಮುಂದಕ್ಕೆ ಓದಲಿಲ್ಲವಾ ಎಂದು ಮರುಕದಿಂದ ಕೇಳುತ್ತಿದ್ದರು. ಇವರನ್ನೆಲ್ಲ ನಾನು ದಡ್ಡರ ಸಾಲಿಗೆ ಸೇರಿಸಿಬಿಟ್ಟಿದ್ದೆ. ನಾಲ್ಕು ಪ್ರಶ್ನೆ ಕೇಳಿ ಕಾಯಿಲೆ ಹಿಡಿಯುವವಳು ನಾನು, ಸ್ಕ್ಯಾನಿಂಗ್ ಮೆಷಿನ್ನಿಗೆ ಜೋತುಬಿದ್ದವರು ಉಳಿದವರು ಎಂಬ ಜಂಬ ನನ್ನದು.

ಎರಡು ವಾರದ ಮೇಲೆ ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಎದ್ದಿತು. ಅದರಲ್ಲಿ ನನ್ನ ಮುಖಕ್ಕೆ ಸುಣ್ಣ ಬಳಿದಂಥ ಬಿಳುಪು. ಕೆಳಗೆ, ವಿದೇಶದಲ್ಲಿ ತರಬೇತಿ ಪಡೆದ ಹೃದಯ, ಶ್ವಾಸಕೋಶ, ಮೂತ್ರಪಿಂಡ ಹಾಗೂ ಮೆದುಳು ತಜ್ಞೆ ಎಂಬ ಬರಹ. ವಿದೇಶವೆಂದರೆ ಕೊಲಂಬೊ. ಔಷಧಿ ಕಂಪನಿಯೊಂದು ಎರಡು ದಿನದ ಸಮ್ಮೇಳನಕ್ಕೆ ಕರೆದುಕೊಂಡು ಹೋಗಿತ್ತು, ಎರಡನೆಯ ದಿನ ನಾನು ಸೀರೆ ಅಂಗಡಿಯಲ್ಲಿದ್ದೆ. ಮ್ಯಾನೇಜರನ್ನು ಕೇಳಿದರೆ, ಫಾರಿನ್ ಫಾರಿನ್ನೇ ತಾನೇ ಎಂದರು.

ಅದೇ ವಾರ ಅಮೃತೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯೊಂದಿಗೆ ಬಂದರು. ನಾಲ್ಕು ತಿಂಗಳಿಂದ ಎದ್ದು ನಿಂತರೆ ಸಾಕು, ತಲೆ ಸುತ್ತು. ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದರು. ಮೆದುಳಿನ ಸ್ಕ್ಯಾನ್, ಕತ್ತಿನ ಎಕ್ಸ್‌ರೇ, ಕಿವಿ ಡಾಕ್ಟರು ಎಲ್ಲ ಮುಗಿದಿತ್ತು. ಅವರನ್ನು ಮಲಗಿಸಿ ಬಿ.ಪಿ. ನೋಡಿದೆ, ನಿಲ್ಲಿಸಿ ಇನ್ನೊಮ್ಮೆ ನೋಡಿದೆ. ನಿಂತಾಗ ಅದು ದಬಕ್ಕನೆ ಇಳಿಯಿತು. ಮಾತ್ರೆ ತೋರಿಸಿ ಎಂದಾಗ ಆಕೆ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು. ಒಂದೇ ಬಿ.ಪಿ. ಔಷಧಿ ಎರಡು ಕಂಪನಿಯ ಎರಡು ಹೆಸರಿನಲ್ಲಿತ್ತು. ಮೇಷ್ಟ್ರು ಎರಡನ್ನೂ ದಿನಾ ನುಂಗುತ್ತಿದ್ದರು.

ನನಗೆ ಒಳಗೊಳಗೇ ಖುಷಿಯಾಯಿತು. ಸ್ಕ್ಯಾನ್ ಮಾಡಿಸಿದ ಅಷ್ಟೂ ಡಾಕ್ಟರುಗಳನ್ನು ಮನಸ್ಸಿನಲ್ಲೇ ನಿವಾಳಿಸಿ ಎಸೆದು, ಎರಡನೆಯ ಮಾತ್ರೆ ಎತ್ತಿ ಹಿಡಿದು, "ಯಾವ ಪುಣ್ಯಾತ್ಮರು ಬರೆದಿದ್ದು ಇದನ್ನ?" ಎಂದು ಕೇಳಿದೆ.

ಆಕೆ ಪರ್ಸಿನಿಂದ ಮಡಿಸಿದ ಚೀಟಿ ತೆಗೆದು ನನ್ನ ಮುಂದಿಟ್ಟರು. ಕುಣಿಗಲ್‌ನ ನನ್ನ ಕ್ಲಿನಿಕ್ಕಿನ ಚೀಟಿ, ನನ್ನದೇ ಅಕ್ಷರ.

"ನೀವೇ ಬರ್ಕೊಟ್ಟಿದ್ದು ಮೇಡಂ. ಮುಂಚಿನ್ ಮಾತ್ರೆ ತೋರ್ಸಣ ಅಂತ ಕವರ್ ಬಿಚ್ತಿದ್ದೆ, ಬೇಡ ಬಿಡಿ ಅಂದ್ರಿ. ಅವತ್ತು ಜನ ಜಾಸ್ತಿ ಇದ್ರು." ಆಮೇಲೆ, ದೂರಿನ ಸುಳಿವೂ ಇಲ್ಲದೆ, "ಈಗ ಫಾರಿನ್‌ಗೋಗಿ ಕಲ್ತು ಬಂದವ್ರೆ ಅಂತ ಬೋರ್ಡಲ್ಲಿ ನೋಡುದ್ವಿ. ಈ ಸಲ ಸರಿಯಾಗಿ ನೋಡ್ತಾರೆ ಅಂತ ಬಂದ್ವಿ" ಎಂದರು.

ಮೇಷ್ಟ್ರು, "ಇರ್ಲಿ ಬುಡೇ, ಅವ್ರಿಗೂ ಕೆಲ್ಸ ಇರ್ತದೆ" ಎಂದು ಹೆಂಡತಿಯನ್ನು ಸುಮ್ಮನಾಗಿಸಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತಪ್ಪು ನನ್ನದೇ ಎಂದು ಇಬ್ಬರಿಗೂ ಬಿಡಿಸಿ ಹೇಳಿ, ನಾನು ಬರೆದ ಮಾತ್ರೆ ನಿಲ್ಲಿಸಿದೆ. ಇಷ್ಟಕ್ಕೇ ವಾಸಿಯಾಗುತ್ತದೆಯೇ ಎಂಬ ಅನುಮಾನ ಆಕೆಯ ಮುಖದ ಮೇಲಿತ್ತು.

ಹತ್ತು ದಿನದ ಮೇಲೆ ಮೇಷ್ಟ್ರು ಯಾರ ಆಸರೆಯೂ ಇಲ್ಲದೆ ನಡೆದು ಬಂದರು. ಸುದ್ದಿ ತಿಳಿದ ಮ್ಯಾನೇಜರು, ಮೆದುಳಿನ ಕಾಯಿಲೆ ವಾಸಿಯಾಯಿತೆಂದು ಅವರಿಂದ ಹೇಳಿಸಿ ವಿಡಿಯೊ ಮಾಡಲು ಮೊಬೈಲ್ ಹಿಡಿದು ಬಂದರು. ಕಾಯಿಲೆ ಕೊಟ್ಟವಳೂ ನಾನೇ, ಅದನ್ನೂ ಸೇರಿಸಿ ಹಾಕುವುದಾದರೆ ತೆಗೆಯಿರಿ ಎಂದೆ. ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಫ್ಲೆಕ್ಸಿನ ಬರಹ ತಿದ್ದಿಸಿ ಎಂದಿದ್ದಕ್ಕೆ, ಮುಂದಿನ ಸಲ ಪ್ರಿಂಟ್ ಮಾಡಿಸುವಾಗ ನೋಡೋಣ ಎಂದರು.

ಈಗ ಯಾರೇ ಬರಲಿ, ಮೊದಲು ಮಾತ್ರೆಯ ಕವರು ಬಿಚ್ಚಿಸುತ್ತೇನೆ. ಬೇರೆ ಡಾಕ್ಟರುಗಳು ಇಷ್ಟು ಹೊತ್ತಿಗೆ ಎರಡರಷ್ಟು ಜನರನ್ನು ನೋಡಿರುತ್ತಾರೆ ಎಂದು ಮ್ಯಾನೇಜರು ಆಗಾಗ ಬಾಗಿಲಲ್ಲಿ ಇಣುಕಿ ನೆನಪಿಸುತ್ತಾರೆ. ಹೊರಗೆ ಕಾದವರ ಗೊಣಗಾಟವೂ ಕೇಳಿಸುತ್ತದೆ. ಮೇಜಿನ ಮೇಲಿನ ಮಾತ್ರೆಗಳ ಹೆಸರನ್ನೆಲ್ಲ ಓದಿ ಮುಗಿಸುವವರೆಗೆ ನಾನು ಮುಂದಿನವರನ್ನು ಕರೆಯುವುದಿಲ್ಲ.